ಬಿಳಿನರಿಯ ಪುಟಕ್ಕೆ ಹತ್ತಿದ ಎಣ್ಣೆ

ತಂಗಿಯ ಅಡಿಗೆಮನೆಯಲ್ಲಿ ಮರದ ಮಣೆ ಇತ್ತು. ಹಪ್ಪಳ ಒತ್ತುವುದಕ್ಕೆ ಅದು ಧಾರಾಳ ಸಾಕು. ಅದನ್ನು ಬಿಟ್ಟು ನಾನು ಅವಳ ಪುಸ್ತಕವನ್ನು ತೆಗೆದುಕೊಂಡೆ. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ಆಮೇಲೆ ಸುತ್ತಿಬಳಸಿ ತಪ್ಪಿಸಿಕೊಳ್ಳಲು ದಾರಿ ಉಳಿಯುವುದಿಲ್ಲ. ಅದಕ್ಕೇ ಮೊದಲು ಬರೆದಿದ್ದೇನೆ.

ನಾನು ಓದಿದ್ದು ನಾಲ್ಕನೆಯ ಕ್ಲಾಸಿನವರೆಗೆ. ಅಮ್ಮ ಗೇರುಬೀಜದ ಕಾರ್ಖಾನೆಗೆ ಹೋಗುತ್ತಿದ್ದರು. ತಂಗಿ ಹುಟ್ಟಿದ ಮೇಲೆ ಅವಳನ್ನು ನೋಡಿಕೊಳ್ಳಲು ಮನೆಯಲ್ಲಿ ಒಬ್ಬರು ಬೇಕಾಯಿತು, ನಾನು ಶಾಲೆ ಬಿಟ್ಟೆ. ಸ್ವಲ್ಪ ದೊಡ್ಡವಳಾದ ಮೇಲೆ ಬೀಡಿ ಕಟ್ಟಲು ಕೂತೆ. ತಂಗಿ ಶಾಲೆಗೆ ಹೋದಳು, ಕಾಲೇಜಿಗೂ ಹೋದಳು. ಇದರಲ್ಲಿ ಅವಳ ತಪ್ಪೇನೂ ಇಲ್ಲ. ಆಗ ನನಗೆ ಬೇಸರವೂ ಇರಲಿಲ್ಲ, ಯಾಕೆಂದರೆ ಅವಳು ಓದಿದ್ದೆಲ್ಲ ನನ್ನ ಪಾಲಿಗೂ ಬರುತ್ತಿತ್ತು.

ಊರಿಗೆ ವರ್ಷಕ್ಕೊಮ್ಮೆ ಪುಸ್ತಕದ ವ್ಯಾನು ಬರುತ್ತಿತ್ತು. ರಷ್ಯಾದಲ್ಲಿ ಅಚ್ಚಾದ ಕನ್ನಡದ ಮಕ್ಕಳ ಪುಸ್ತಕಗಳು ಅದರಲ್ಲಿ ಇರುತ್ತಿದ್ದವು. ದಪ್ಪ ಕಾಗದ, ಮೂಸಿದರೆ ಸೀಮೆಎಣ್ಣೆಯ ಹಾಗೆ ಒಂದು ವಾಸನೆ. ಸಂಜೆ ಅವಳು ಜಗಲಿಯ ಮೆಟ್ಟಿಲಲ್ಲಿ ಕೂತು ಗಟ್ಟಿಯಾಗಿ ಓದುವಳು. ನಾನು ಮೊರವನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಸುತ್ತುತ್ತಾ ಕೇಳುತ್ತಿದ್ದೆ. ಕಾಡಿನ ಮುದುಕ, ಅವನ ನಾಯಿ, ಮರದ ಬುಡದಲ್ಲಿ ಇಡೀ ಚಳಿಗಾಲ ಮಲಗುವ ಕರಡಿ, ಜಾರುಬಂಡಿ ಎಳೆಯುವ ಹಿಮಸಾರಂಗ. ಹಿಮವನ್ನು ನಾವಿಬ್ಬರೂ ಕಂಡವರಲ್ಲ. "ಅಕ್ಕಿಹಿಟ್ಟಿನ ಹಾಗೆ ಇರ್ತದಂತೆ" ಎಂದು ಅವಳು ಹೇಳಿದ್ದಳು. ಹಾಗಂತ ಪುಸ್ತಕದಲ್ಲಿ ಎಲ್ಲಿಯೂ ಬರೆದಿರಲಿಲ್ಲ, ಅವಳೇ ಸೇರಿಸಿದ್ದು. ಸೆಕೆಯಲ್ಲಿ ಬೆವರು ಒರೆಸಿಕೊಳ್ಳುತ್ತಾ ನಾನು ಅಕ್ಕಿಹಿಟ್ಟಿನಲ್ಲಿ ಹೂತುಹೋದ ಕಾಡನ್ನು ಕಾಣುತ್ತಿದ್ದೆ. ಒಂದು ಪುಟ ಮುಗಿದು ಅವಳು ಸುಮ್ಮನಾದರೆ, "ಮುಂದೆ ಓದು, ಬೀಡಿ ನಿಂತಿತು" ಎಂದು ಗದರುತ್ತಿದ್ದೆ.

ಮದುವೆಯಾಗಿ ಅವಳು ಗಂಡನ ಜೊತೆ ಹಾಲೆಂಡಿಗೆ ಹೋದಳು. ತೊಂಬತ್ತರ ದಶಕದ ಕೊನೆಯಲ್ಲಿ ನನ್ನನ್ನೂ ಕರೆಸಿಕೊಂಡಳು. ಆ ಹೊತ್ತಿಗೆ ನನ್ನ ಗಂಡ ತೀರಿಕೊಂಡಿದ್ದರು, ಮಕ್ಕಳಿಲ್ಲ. "ಮೂರು ತಿಂಗಳು ಬಂದು ಇದ್ದು ಹೋಗು ಅಕ್ಕ, ಬೇಸಿಗೆಗೆ ಬಾ, ಚಳಿ ಇರುವುದಿಲ್ಲ" ಎಂದು ಫೋನಿನಲ್ಲಿ ಅತ್ತಳು. ಹೋದೆ.

ರೈಸ್‌ವೈಕ್‌ನಲ್ಲಿ ಮೂರನೆಯ ಮಹಡಿಯ ಮನೆ. ಮುಂದೆ ಉದ್ದಕ್ಕೂ ಬಾಲ್ಕನಿ, ಕೆಳಗೆ ಟ್ರಾಮು. ಅವಳ ಗಂಡ ಎರಡು ಸಾವಿರನೇ ಇಸವಿ ಬರುವ ದಿನ ಕಂಪ್ಯೂಟರುಗಳು ಕೈಕೊಡದಂತೆ ನೋಡಿಕೊಳ್ಳುವ ಕೆಲಸದವರು. ಬೆಳಿಗ್ಗೆ ಹೋದರೆ ರಾತ್ರಿ ಊಟದ ಹೊತ್ತಿಗೇ ಕಾಣುವುದು. ಆರು ವರ್ಷದ ಮಗ ಹತ್ತಿರದ ಶಾಲೆಗೆ ಹೋಗುತ್ತಿದ್ದ. ನಾನು ತುಳುವಿನಲ್ಲೋ ಕನ್ನಡದಲ್ಲೋ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ, ಸಿಟ್ಟು ಬಂದರೆ ಡಚ್ಚಿನಲ್ಲಿ. ತಂಗಿಗೆ ಅಲ್ಲಿ ಕೆಲಸ ಮಾಡಲು ಪರವಾನಗಿ ಇರಲಿಲ್ಲ. ಸುಮ್ಮನೆ ಕೂರುವ ಜಾತಿಯವಳಲ್ಲ ಅವಳು. ಮಕ್ಕಳ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ಓದಿಯೇ ಡಚ್ ಕಲಿತಿದ್ದಳು. ಉಚ್ಚಾರ ತಿದ್ದಿದವರು ಪಕ್ಕದ ಮನೆಯ ಮುದುಕಿ. ನಮ್ಮ ಹುಡುಗ ಅವರನ್ನು ಬ್ಯೂರ್‌ಫ್ರೌ ಎನ್ನುತ್ತಿದ್ದ, ಪಕ್ಕದ ಮನೆಯ ಹೆಂಗಸು ಎಂದರ್ಥ. ನಾವೆಲ್ಲರೂ ಹಾಗೇ ಕರೆಯುತ್ತಿದ್ದೆವು.

ಆ ಊರಿನ ಶಾಲೆಗಳಲ್ಲಿ ತಾಯಂದಿರು ಬಂದು ತರಗತಿಯಲ್ಲಿ ಕಥೆ ಓದಿ ಹೇಳುವ ರೂಢಿ ಉಂಟು. ಆ ಜೂನ್ ತಿಂಗಳಲ್ಲಿ ಒಂದು ಶುಕ್ರವಾರ ತಂಗಿಯ ಸರದಿ ಬಂದಿತ್ತು. ಮಗನ ತರಗತಿಯಲ್ಲಿ ಡಚ್ಚಿನಲ್ಲಿ ಓದಲು ಒಪ್ಪಿಕೊಂಡ ಮೊದಲ ಹೊರದೇಶದ ತಾಯಿ ಅವಳೇ. ಹೊಸ ಸೀರೆ ತೆಗೆದುಕೊಂಡವರಿಗೆ ಇರುವಂಥ ಸಂಭ್ರಮ ಅವಳಿಗೆ. ಬ್ಯೂರ್‌ಫ್ರೌ ತಮ್ಮ ಪೆಟ್ಟಿಗೆಯಿಂದ ಒಂದು ಪುಸ್ತಕ ತೆಗೆದುಕೊಟ್ಟಿದ್ದರು. ಅವರ ತಂದೆ ಹುಡುಗನಾಗಿದ್ದಾಗ ಓದಿದ್ದು. ದೊಡ್ಡದು, ಚಪ್ಪಟೆ, ಗಟ್ಟಿ ರಟ್ಟು, ಮೇಲೆ ಅವರೇ ಜೋಪಾನವಾಗಿ ಹಾಕಿದ ಪ್ಲಾಸ್ಟಿಕ್ ಹೊದಿಕೆ. ಬಹಳ ಹಿಂದೆ ಉತ್ತರದ ಸಮುದ್ರದಲ್ಲಿ ಹಿಮಕ್ಕೆ ಸಿಕ್ಕಿಬಿದ್ದ ಒಂದು ಹಡಗಿನ ಕಥೆ. ಹಡಗಿನವರು ಮರದ ಗುಡಿಸಲು ಕಟ್ಟಿಕೊಂಡು ಚಳಿಗಾಲ ಕಳೆಯುತ್ತಾರೆ, ಗುಡಿಸಲಿನ ಸುತ್ತ ಒಂದು ಬಿಳಿನರಿ ಬಂದುಹೋಗುತ್ತಿರುತ್ತದೆ. ಇದನ್ನೆಲ್ಲ ನಾನು ಆಗ ಚಿತ್ರ ನೋಡಿ ಊಹಿಸಿದ್ದು.

ದಿನವೂ ತಂಗಿ ಕಿಟಕಿಯ ಹತ್ತಿರ ನಿಂತು ಪರದೆಗೆ ಓದಿ ಹೇಳುವಳು. ಆ ಭಾಷೆಯಲ್ಲಿ ಗಂಟಲಿನಿಂದ ಹೊರಡಬೇಕಾದ ಸದ್ದುಗಳು ಬಹಳ. ಒಂದು ದಿನ ನಾನು ಕಾಯಿ ತುರಿಯುತ್ತಾ, "ಎಂತ, ಮೀನಿನ ಮುಳ್ಳು ಸಿಕ್ಕಿತಾ? ಒಂದು ಉಂಡೆ ಅನ್ನ ನುಂಗು, ಇಳೀತದೆ" ಎಂದೆ. ಅವಳು ಬಿದ್ದುಬಿದ್ದು ನಕ್ಕಳು. ಮಾರನೆಯ ದಿನ ಅದೇ ಮಾತು ಹೇಳಿದಾಗ ನಗಲಿಲ್ಲ. ನಾನೂ ನಗಿಸಲು ಹೇಳಿರಲಿಲ್ಲ.

ನನಗೆ ಏನಾಗಿತ್ತೆಂದರೆ, ಮತ್ತೆ ಅದೇ ಹಿಮ, ಅದೇ ಬಿಳಿ ಕಾಡು, ಅದೇ ತಂಗಿಯ ದನಿ. ಕೇಳುವವಳು ಮಾತ್ರ ನಾನಲ್ಲ. ಪರದೆಗೆ ಓದುತ್ತಾಳೆ, ಊರವರ ಮಕ್ಕಳಿಗೆ ಓದುತ್ತಾಳೆ, ನಾನು ಎರಡು ಮಾರು ದೂರದಲ್ಲಿ ತುರಿಮಣೆಯ ಮೇಲೆ ಕೂತಿದ್ದೇನೆ. "ಅಕ್ಕ, ಕಥೆ ಹೀಗೆ ಉಂಟು" ಎಂದು ಒಂದು ಸಲ ಹೇಳಬಹುದಿತ್ತು. ಹೇಳಲಿಲ್ಲ. ಹೇಳು ಎಂದು ಕೇಳಲು ನನಗೆ ಬಿಗುಮಾನ.

ಅಲ್ಲಿ ಬೇಸಿಗೆಯ ಬಿಸಿಲು ಬೇಗ ಇಳಿಯುವುದಿಲ್ಲ. ಬಾಲ್ಕನಿಯಲ್ಲಿ ಅಷ್ಟು ಬಿಸಿಲು ಸುಮ್ಮನೆ ಬಿದ್ದಿರುವುದನ್ನು ನೋಡಿದ ನಮ್ಮೂರಿನ ಯಾವ ಹೆಂಗಸಿಗೂ ಹಪ್ಪಳ ನೆನಪಾಗುತ್ತದೆ. ಹಲಸಿನಕಾಯಿ ಇಲ್ಲದಿದ್ದರೇನು, ಬಟಾಟೆಗೆ ಬರವಿಲ್ಲ. ತಂಗಿ ಮಗನನ್ನು ಈಜಿಗೆ ಕರೆದುಕೊಂಡು ಹೋದ ಮಧ್ಯಾಹ್ನ ಬಟಾಟೆ ಬೇಯಿಸಿ, ಉಪ್ಪು, ಮೆಣಸಿನ ಹುಡಿ, ಇಂಗು ಹಾಕಿ ನಾದಿದೆ. ಎರಡು ಪ್ಲಾಸ್ಟಿಕ್ ಹಾಳೆಗೆ ಎಣ್ಣೆ ಸವರಿದೆ. ನಡುವೆ ಉಂಡೆ ಇಟ್ಟು ಮೇಲಿನಿಂದ ಒತ್ತಲು ಭಾರದ, ಚಪ್ಪಟೆಯಾದ ವಸ್ತು ಬೇಕು. ಮಣೆ ಗೋಡೆಗೆ ಒರಗಿತ್ತು. ಪುಸ್ತಕ ಮೇಜಿನ ಮೇಲಿತ್ತು.

ಪ್ಲಾಸ್ಟಿಕ್ ಹಾಕಿದ ಪುಸ್ತಕ, ಏನೂ ಆಗಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅದರ ಮೇಲೆ ಎರಡೂ ಅಂಗೈ ಊರಿ ಮೈಭಾರ ಬಿಟ್ಟು ಒತ್ತಿದೆ. ಹಪ್ಪಳ ಚಂದ್ರನ ಹಾಗೆ ದುಂಡಗೆ ಬಂತು. ಇನ್ನೊಂದು ಒತ್ತಿದೆ. ಬಾಲ್ಕನಿಯ ಬಿಸಿಲಿಗೆ ಹಾಸಿದ ಬಟ್ಟೆ ತುಂಬುವವರೆಗೂ ಒತ್ತಿದೆ. ನಿಜ ಹೇಳಬೇಕೆಂದರೆ ಒತ್ತುವಾಗ ಖುಷಿಯಾಗುತ್ತಿತ್ತು. ಬದಿಯಿಂದ ಜಾರಿದ ಬಿಸಿ ಹಿಟ್ಟು, ಎಣ್ಣೆ ಪುಟಗಳ ಅಂಚಿಗೆ ತಾಗುತ್ತಿರುವುದನ್ನು ಕೊನೆಕೊನೆಗೆ ಕಂಡೆ. ಕಂಡ ಮೇಲೆಯೂ ಉಳಿದ ಉಂಡೆಗಳನ್ನು ಮುಗಿಸಿದೆ. ಆಮೇಲೆ ಮೇಲಿಂದ ಒರೆಸಿ ಇದ್ದಲ್ಲೇ ಇಟ್ಟೆ.

ಎಣ್ಣೆ ತನ್ನ ಕೆಲಸವನ್ನು ಸಾವಕಾಶವಾಗಿ ಮಾಡುತ್ತದೆ. ಎರಡು ದಿನ ಬಿಟ್ಟು ತಂಗಿ ಕೊನೆಯ ಪುಟಗಳನ್ನು ತೆರೆದಾಗ ಅವು ಕಂದೀಲಿನ ಗಾಜಿಗೆ ಅಂಟಿಸುವ ಕಾಗದದ ಹಾಗೆ ಬೆಳಕು ಹಾಯುವಂತೆ ಆಗಿದ್ದವು. ಅಂಚಿನಲ್ಲಿ ಮೆಣಸಿನ ಕೆಂಪು. ಬಿಳಿನರಿಯ ಪುಟ ಅರ್ಧಕ್ಕರ್ಧ ತೊಯ್ದಿತ್ತು.

ಅವಳು ಕೂಗಲಿಲ್ಲ. ಪುಸ್ತಕ ಹಿಡಿದುಕೊಂಡೇ ಅಡಿಗೆಮನೆಗೆ ಬಂದಳು.

"ಅಕ್ಕ, ನೋಡು. ನಾನು ಎಂತ ಮಾಡಿಟ್ಟೆ. ದೋಸೆ ಹೊಯ್ಯುವಾಗ ಇಲ್ಲೇ ಇಟ್ಟುಕೊಂಡು ಓದುತ್ತಿದ್ದೆ ಅಲ್ವಾ. ಎಣ್ಣೆ ಹಾರಿರಬೇಕು."

ಆಗ ಸುಮ್ಮನಿದ್ದರೂ ಒಂದು ಮರ್ಯಾದೆ ಇತ್ತು. ನಾನು ಬಾಯಿ ಬಿಟ್ಟೆ.

"ಒಲೆಯ ಹತ್ತಿರ ಪುಸ್ತಕ ತಂದರೆ ಮತ್ತೆಂತ ಆಗ್ತದೆ? ಅಷ್ಟು ಓದಿದವಳಿಗೆ ಅಷ್ಟು ಗೊತ್ತಿಲ್ವಾ?"

ನಾನು ಮಾಡಿದ್ದನ್ನು ಎತ್ತಿ ಅವಳ ತಲೆಯ ಮೇಲಿಟ್ಟೆ. ಪುಸ್ತಕ ಕೆಡಿಸಿದ್ದಕ್ಕಿಂತ ಇದು ದೊಡ್ಡದು. ಅವಳು "ಹೌದು" ಎಂದಳು, ಅಷ್ಟೇ.

ಸಂಜೆಯೇ ಶಾಲೆಗೆ ಫೋನು ಮಾಡಿ ಶುಕ್ರವಾರ ಬರಲಾಗುವುದಿಲ್ಲ ಎಂದಳು. "ನನ್ನ ಡಚ್ ಸಾಲದು ಅಕ್ಕ. ಒಂದು ಪುಸ್ತಕ ನೆಟ್ಟಗೆ ಇಟ್ಟುಕೊಳ್ಳಲಿಕ್ಕೆ ಆಗದವಳು ಆ ಮಕ್ಕಳ ಮುಂದೆ ಎಂತ ಓದುವುದು" ಎಂದು ಬಟ್ಟೆ ಮಡಿಸುತ್ತಾ ಹೇಳಿದಳು. ಪುಸ್ತಕವನ್ನು ಬೀರುವಿನಲ್ಲಿ ಹೊದಿಕೆಗಳ ಕೆಳಗೆ ಇಟ್ಟಳು. ಲಿಫ್ಟಿನ ಹತ್ತಿರ ಬ್ಯೂರ್‌ಫ್ರೌ ಸಿಗಬಹುದೆಂದು ಮೆಟ್ಟಿಲಿಳಿದು ಹೋಗತೊಡಗಿದಳು. ಕಿಟಕಿಯ ಹತ್ತಿರ ಓದುವುದು ನಿಂತುಹೋಯಿತು. ನಾನು ಬೇಡವೆಂದುಕೊಂಡಿದ್ದ ದನಿ ನಿಂತ ಮೇಲೆ ಆ ಮನೆಯಲ್ಲಿ ಫ್ರಿಜ್ಜಿನ ಸದ್ದು ಎಷ್ಟು ದೊಡ್ಡದೆಂದು ತಿಳಿಯಿತು.

ಮಗನಿಗೆ ವಿಷಯ ಗೊತ್ತಾದಾಗ ರಂಪ ಮಾಡಿದ. ಅಮ್ಮ ಓದಲು ಬರುತ್ತಾಳೆಂದು ತರಗತಿಗೆಲ್ಲ ಹೇಳಿಕೊಂಡು ಬಂದಿದ್ದನಂತೆ. ಬೀರುವಿನಿಂದ ಪುಸ್ತಕ ಎಳೆದು ತಂದು ನನ್ನ ಮಡಿಲಲ್ಲಿ ಬಿಡಿಸಿ, ನರಿಯ ಪುಟಕ್ಕೆ ಮೂಗು ಹಚ್ಚಿದ.

"ದೊಡ್ಡಮ್ಮ, ಇಟ್ ಸ್ಮೆಲ್ಸ್ ಲೈಕ್ ಹಪ್ಪಳ."

ಇಂಗ್ಲಿಷ್ ಬಾರದಿದ್ದರೂ ಕೊನೆಯ ಮಾತು ಸಾಕಾಯಿತು. ಇಂಗು ಎಲ್ಲಿ ಅಡಗುತ್ತದೆ! ತಂಗಿ ಕೋಣೆಯಲ್ಲಿದ್ದಳು, ಕೇಳಿಸಲಿಲ್ಲ. ಹುಡುಗ ಅದನ್ನು ಅಲ್ಲೇ ಮರೆತು ಆಡಲು ಹೋದ. ನಾನು ಮರೆಯುವಂತಿರಲಿಲ್ಲ. ಶುಕ್ರವಾರಕ್ಕೆ ಇನ್ನೂ ದಿನಗಳಿದ್ದವು. ನಾನು ಊರಿಗೆ ಹಿಂತಿರುಗಿದ ಮೇಲೆ ಈ ಎಣ್ಣೆ ಅವಳ ತಪ್ಪಾಗಿಯೇ ಉಳಿಯುತ್ತದೆ, ಅವಳು ಮತ್ತೆ ಯಾರ ಮುಂದೆಯೂ ಓದುವುದಿಲ್ಲ. ಓದುವುದನ್ನು ಬಿಡುವುದು ಎಂದರೇನೆಂದು ನನಗೆ ಗೊತ್ತಿತ್ತು. ಅದಕ್ಕೆ ನಮ್ಮ ಮನೆಯಲ್ಲಿ ಎರಡನೆಯವಳು ಬೇಡ ಎಂದು ತೀರ್ಮಾನಿಸಿದೆ.

ಮರುದಿನ ಬೆಳಿಗ್ಗೆ ಹುಡುಗ ಶಾಲೆಗೆ ಹೋದ ಮೇಲೆ ತಂಗಿಯನ್ನು ಬಾಲ್ಕನಿಗೆ ಕರೆದೆ. ಒಣಗಿದ ಹಪ್ಪಳಗಳನ್ನು ಜೋಡಿಸಿಟ್ಟಿದ್ದೆ.

"ಇದನ್ನು ಒತ್ತಿದ್ದು ಆ ಪುಸ್ತಕದಲ್ಲಿ. ಎಣ್ಣೆ ನಿನ್ನದಲ್ಲ, ನನ್ನದು."

ಅವಳು ಹಪ್ಪಳ ನೋಡಿದಳು, ನನ್ನನ್ನು ನೋಡಿದಳು.

"ಮಣೆ ಸಿಗಲಿಲ್ವಾ?"

ಸಿಗಲಿಲ್ಲ ಎನ್ನಬಹುದಿತ್ತು. ಅವಳೇ ದಾರಿ ಮಾಡಿಕೊಟ್ಟಿದ್ದಳು.

"ಸಿಕ್ಕಿತ್ತು. ಎದುರಿಗೇ ಇತ್ತು."

"ಮತ್ತೆ?"

"ನೀನು ಪರದೆಗೆ ಓದ್ತಿ, ನನಗೆ ಓದಿ ಹೇಳುವುದಿಲ್ಲ."

ಹೇಳಿದ ಮೇಲೆ ನನ್ನ ಕಿವಿಗೇ ಅದು ಮಗುವಿನ ಮಾತಿನ ಹಾಗೆ ಕೇಳಿಸಿತು. ನನಗೆ ಆಗ ನಲವತ್ತು ದಾಟಿತ್ತು. ತಂಗಿ ಬಾಲ್ಕನಿಯ ಕಂಬಿಗೆ ಒರಗಿದಳು.

"ನೀನು ನನ್ನ ಓದನ್ನು ತಮಾಷೆ ಮಾಡಿದಿ" ಎಂದಳು. "ಮೀನಿನ ಮುಳ್ಳು ಅಂದಿ. ನಿನಗೆ ಇದೆಲ್ಲ ಬೇಡ ಅಂತ ನಾನು ಅಂದುಕೊಂಡೆ. ನನ್ನ ಓದು ಕೇಳಿದ ಮೊದಲನೆಯವಳು ನೀನು. ನಿನಗೇ ಬೇಡ ಆದ ಮೇಲೆ ನಾನು ಗಟ್ಟಿಯಾಗಿ ಓದಿದ್ದೇ ಹಠಕ್ಕೆ." ಆಮೇಲೆ ಅಂದಳು, "ಪುಸ್ತಕಕ್ಕಿಂತ ಹೆಚ್ಚು ಬೇಸರ ಆದದ್ದು ಎಂತಕ್ಕೆ ಗೊತ್ತುಂಟಾ? ಅಷ್ಟು ಓದಿದವಳು ಅಂತ ಹೇಳಿದಿ ಅಲ್ಲ, ಅದಕ್ಕೆ."

"ಪುಸ್ತಕ ಕೊಡು. ಪಕ್ಕದ ಮನೆಗೆ ಹೋಗಿ ಹೇಳ್ತೇನೆ" ಎಂದೆ.

"ನಿನಗೆ ಡಚ್ಚೂ ಬರುವುದಿಲ್ಲ, ಇಂಗ್ಲಿಷೂ ಬರುವುದಿಲ್ಲ. ನಾನು ಬರ್ತೇನೆ ಇರು. ಇಲ್ಲಿ ಹಾಗೆ ಹೇಳದೆ ಕೇಳದೆ ಹೋಗಬಾರದು, ಮೊದಲು ಫೋನು ಮಾಡಬೇಕು."

"ನೀನು ಬಂದರೆ ನಿನ್ನ ಬಾಯಲ್ಲಿ ನನ್ನ ತಪ್ಪು ಮೆತ್ತಗಾಗ್ತದೆ. ಬೇಡ."

ಒಳಗೆ ಹೋಗಿ ಒಂದು ಬಟಾಟೆ ಬೇಯಿಸಿ ಹಿಸುಕಿದೆ. ಉಂಡೆ ಮಾಡಿ, ಎಣ್ಣೆ ಸವರಿದ ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟುಕೊಂಡೆ. ಒಂದು ಕೈಯಲ್ಲಿ ಅದು, ಇನ್ನೊಂದು ಕಂಕುಳಲ್ಲಿ ಪುಸ್ತಕ, ಸೊಂಟಕ್ಕೆ ಮಣೆ ಸಿಕ್ಕಿಸಿಕೊಂಡು ಪಕ್ಕದ ಮನೆಯ ಗಂಟೆ ಒತ್ತಿದೆ.

ಬ್ಯೂರ್‌ಫ್ರೌ ಬಾಗಿಲು ತೆರೆದು ನನ್ನ ವೇಷ ನೋಡಿ ಹುಬ್ಬೇರಿಸಿದರು. ಒಳಗೆ ಬಿಟ್ಟರು. ನಾನು ಅವರ ಮೇಜಿನ ಮೇಲೆ ಪುಸ್ತಕವನ್ನು ಒಂದು ಬದಿಗೆ, ಮಣೆಯನ್ನು ಇನ್ನೊಂದು ಬದಿಗೆ ಇಟ್ಟೆ. ನಡುವೆ ಉಂಡೆ. ಮಣೆಯನ್ನು ತೋರಿಸಿ ಅಲ್ಲ ಎಂದು ತಲೆಯಾಡಿಸಿದೆ. ಪುಸ್ತಕವನ್ನು ತೋರಿಸಿ ಹೌದು ಎಂದೆ. ಪುಸ್ತಕವನ್ನು ಉಂಡೆಯ ಮೇಲೆ, ತಾಗದ ಹಾಗೆ ಗಾಳಿಯಲ್ಲಿ ಹಿಡಿದು, ಒತ್ತುವಂತೆ ಮಾಡಿದೆ. ಆಮೇಲೆ ನರಿಯ ಪುಟ ತೆರೆದು ಅವರ ಮುಂದಿಟ್ಟು, ನನ್ನ ಎದೆಗೆ ಬೆರಳು ಮಾಡಿ ನಿಂತೆ.

ಅವರಿಗೆ ಒಂದೇ ಸಲಕ್ಕೆ ಅರ್ಥವಾಯಿತು. ಮುಖ ಕೆಂಪಾಯಿತು. ಪುಟವನ್ನು ಬೆರಳಲ್ಲಿ ಮುಟ್ಟಿ, ಆ ಎಣ್ಣೆಯನ್ನು ನೋಡಿ, ಗಟ್ಟಿಯಾಗಿ ಏನೋ ಹೇಳಿದರು. ಭಾಷೆ ಬೇಕಿರಲಿಲ್ಲ, ಬೈಗುಳ ಎಲ್ಲ ಊರಿನಲ್ಲಿಯೂ ಬೈಗುಳವೇ. ನಾನು ತಲೆ ತಗ್ಗಿಸಲಿಲ್ಲ. ಬೈಸಿಕೊಳ್ಳಲೆಂದೇ ಹೋದವಳು, ಪೂರ್ತಿ ಬೈಸಿಕೊಂಡೆ. ಅಷ್ಟರಲ್ಲಿ ತಂಗಿ ಬಾಗಿಲಲ್ಲಿ ಬಂದು ನಿಂತಿದ್ದಳು. ಬೇಡವೆಂದರೂ ಕೇಳುವವಳಲ್ಲ.

"ಎಂತ ಹೇಳ್ತಾರೆ?" ಎಂದೆ.

"ತುಂಬಾ ಸಿಟ್ಟು ಬಂದಿದೆಯಂತೆ. ಅಪ್ಪನ ಪುಸ್ತಕ, ಬೇರೆ ಇಲ್ಲವಂತೆ."

"ಹೌದು ಅಂತ ಹೇಳು. ನಾನು ಸರಿ ಮಾಡ್ತೇನೆ, ಆದಷ್ಟು ಮಾಡ್ತೇನೆ ಅಂತ ಹೇಳು."

ಅವರು ತಂಗಿಯತ್ತ ತಿರುಗಿ ಏನೋ ಕೇಳಿದರು. ತಂಗಿಯ ದನಿ ಸಣ್ಣದಾಯಿತು. ಶಾಲೆಯಲ್ಲಿ ಓದುವುದು ಯಾವಾಗ ಎಂದು ಕೇಳಿದರಂತೆ, ಬರುವುದಿಲ್ಲವೆಂದು ಶಾಲೆಗೆ ಹೇಳಿಬಿಟ್ಟಿದ್ದೇನೆ ಎಂದು ಇವಳು ಹೇಳಿದಳಂತೆ. ಮುದುಕಿಗೆ ಮೊದಲಿಗಿಂತ ಹೆಚ್ಚು ಸಿಟ್ಟು ಬಂತು. ಗೋಡೆಯ ಹತ್ತಿರವಿದ್ದ ಫೋನನ್ನು ಎತ್ತಿ ತಂದು ತಂಗಿಯ ಕೈಗೆ ಹಿಡಿಸಿದರು. ಎರಡೇ ಶಬ್ದ ಹೇಳಿದರು. ಈಗಲೇ ಮಾಡು ಎಂದು ನನಗೂ ಅರ್ಥವಾಯಿತು. ತಂಗಿ ನನ್ನ ಮುಖ ನೋಡಿದಳು.

"ನನ್ನನ್ನು ಎಂತ ನೋಡುವುದು? ಮಾಡು" ಎಂದೆ.

ಮಾಡಿದಳು. ಶುಕ್ರವಾರ ಇನ್ನೂ ಖಾಲಿಯಿತ್ತು.

ಆಮೇಲಿನ ದಿನಗಳಲ್ಲಿ ನಾನು ಬೇರೆ ಕೆಲಸ ಮಾಡಲಿಲ್ಲ. ಸೀರೆಗೆ ಎಣ್ಣೆ ಬಿದ್ದರೆ ನಾವು ಹಿಟ್ಟು ಹಾಕಿ ಇಡುತ್ತೇವಲ್ಲ, ಹಾಗೆಯೇ ಒಂದೊಂದು ಪುಟಕ್ಕೂ ಅಕ್ಕಿಹಿಟ್ಟು ಹರಡಿ, ಮೇಲೆ ತೆಳ್ಳನೆಯ ಕಾಗದ ಇಟ್ಟು, ಮಣೆ ಹೇರಿ ಬಿಡುವುದು. ಹಿಟ್ಟು ಎಣ್ಣೆ ಹೀರಿ ಗಂಟಾದಾಗ ಮೆತ್ತಗಿನ ಬ್ರಶ್ಶಿನಿಂದ ಒರೆಸಿ ಹೊಸತು ಹಾಕುವುದು. ಎರಡನೆಯ ದಿನ ಬ್ಯೂರ್‌ಫ್ರೌ ಬಂದು ನೋಡಿದರು. ಮಾತಿಲ್ಲದೆ ಹೋಗಿ ಶಾಯಿ ಹೀರುವ ಒತ್ತುಕಾಗದದ ಒಂದು ಕಟ್ಟು ತಂದಿಟ್ಟರು. ಮೆಣಸಿನ ಕೆಂಪು ಮಾಸಿತು, ಹೋಗಲಿಲ್ಲ. ಕೆಲವು ಪುಟ ಮತ್ತೆ ಗಟ್ಟಿಯಾದವು. ನರಿಯ ಪುಟ ಮಾತ್ರ ಏನು ಮಾಡಿದರೂ ಪೂರ್ತಿ ಗುಣವಾಗಲಿಲ್ಲ. ಮೊದಲಿನ ಹಾಗೆ ಆಯಿತು ಎಂದು ಬರೆದರೆ ಸುಳ್ಳಾಗುತ್ತದೆ.

ನಾನು ಹಿಟ್ಟು ಹರಡುತ್ತಿದ್ದಾಗ ಮೊದಲ ದಿನವೇ ತಂಗಿ ಎದುರಿನ ಕುರ್ಚಿಯಲ್ಲಿ ಬಂದು ಕೂತಳು. ಕಾಲು ಮಡಿಚಿಕೊಂಡು, ಜಗಲಿಯ ಮೆಟ್ಟಿಲಲ್ಲಿ ಕೂರುತ್ತಿದ್ದ ಹಾಗೆ. ನನ್ನ ಕೈಯಲ್ಲಿರುವ ಪುಟವನ್ನು ಡಚ್ಚಿನಲ್ಲಿ ಗಟ್ಟಿಯಾಗಿ ಓದುವುದು, ಆಮೇಲೆ ಅದನ್ನೇ ತುಳುವಿನಲ್ಲಿ ನನಗೆ ಹೇಳುವುದು. ಹಡಗಿನ ಮರ ಹಿಮದ ಒತ್ತಡಕ್ಕೆ ಲಟಲಟ ಮುರಿದದ್ದು, ಸೂರ್ಯ ಹೋದವನು ತಿಂಗಳುಗಟ್ಟಲೆ ಬಾರದೇ ಇದ್ದದ್ದು, ಗುಡಿಸಲಿನವರು ಹಸಿವಿನಲ್ಲಿ ನರಿಗೆ ಬೋನು ಇಟ್ಟದ್ದು. ಅಲ್ಲಿ ಅವಳು ನಿಲ್ಲಿಸಿದಳು.

"ಮುಂದೆ ಓದು, ಹಿಟ್ಟು ನಿಂತಿತು" ಎಂದೆ.

ಅವಳು ನಗಲಿಕ್ಕೆ ಹೋಗಿ ಅತ್ತಳು. ಕಣ್ಣೊರೆಸಿಕೊಂಡು ಮುಂದೆ ಓದಿದಳು. ಅವಳು ತಪ್ಪಿದಲ್ಲಿ ನನಗೆ ತಿಳಿಯುತ್ತಿರಲಿಲ್ಲ, ಆದರೆ ಹೆದರಿದಲ್ಲಿ ತಿಳಿಯುತ್ತಿತ್ತು, ದನಿ ಇಳಿಯುತ್ತಿತ್ತು. "ಗಟ್ಟಿ" ಎನ್ನುತ್ತಿದ್ದೆ. ಗಟ್ಟಿ ಮಾಡುತ್ತಿದ್ದಳು.

ಶುಕ್ರವಾರ ಮೂವರೂ ಹೋದೆವು. ಬ್ಯೂರ್‌ಫ್ರೌ ಕಾಲರಿನ ಕೋಟು ಹಾಕಿಕೊಂಡು ಬಂದಿದ್ದರು. ಮಕ್ಕಳು ನೆಲದಲ್ಲಿ ಅರ್ಧಚಂದ್ರದ ಹಾಗೆ ಕೂತಿದ್ದರು, ನಾವಿಬ್ಬರು ಹಿಂದೆ ಮಕ್ಕಳ ಪುಟ್ಟ ಕುರ್ಚಿಗಳಲ್ಲಿ. ತಂಗಿ ಮೊದಲ ಸಾಲಿನಲ್ಲಿ ತಡವರಿಸಿದಳು. ಎರಡನೆಯ ಸಾಲಿನಲ್ಲಿ ನನ್ನ ಕಡೆ ನೋಡಿ ದನಿ ಏರಿಸಿದಳು. ಆಮೇಲೆ ನೋಡಲಿಲ್ಲ, ಬೇಕಾಗಲಿಲ್ಲ.

ಕೊನೆಯಲ್ಲಿ ನರಿಯ ಪುಟ ಬಂತು. ಮಕ್ಕಳಿಗೆ ಕಾಣಲೆಂದು ಆ ಒಂದು ಹಾಳೆಯನ್ನು ಎತ್ತಿ ಹಿಡಿದಳು. ಹಿಂದೆ ಕಿಟಕಿಯ ಬೆಳಕು. ಎಣ್ಣೆ ಕುಡಿದ ಜಾಗದಲ್ಲಿ ಬೆಳಕು ಹಾಯ್ದು, ಹಾಳೆಯ ಹಿಂಬದಿಯಲ್ಲಿ ಅಚ್ಚಾದ ಗುಡಿಸಲು ನರಿಯ ಬೆನ್ನ ಹಿಂದೆ ಮಂಜಿನಲ್ಲಿ ನಿಂತ ಹಾಗೆ ಕಾಣಿಸಿತು. ಒಂದು ಹುಡುಗಿ ಕೈಯೆತ್ತಿ ಏನೋ ಕೇಳಿದಳು, ಬೆರಳು ಕಲೆಯ ಕಡೆಗಿತ್ತು. ಅದೇನು, ಯಾಕೆ ಹಾಗಾಗಿದೆ ಎಂದು.

ನನ್ನನ್ನು ಕಾಪಾಡಲು ತಂಗಿಗೆ ಸುಲಭವಾದ ಸುಳ್ಳು ಎಷ್ಟೋ ಇದ್ದವು. ಅವಳು ಯಾವುದನ್ನಾದರೂ ಹೇಳುವ ಮೊದಲೇ ನಾನು ಆ ಪುಟ್ಟ ಕುರ್ಚಿಯಿಂದ ಎದ್ದು ನಿಂತೆ. ಮಕ್ಕಳೆಲ್ಲ ಹಿಂತಿರುಗಿದರು. ನಾನು ಗಾಳಿಯಲ್ಲಿ ಉಂಡೆ ಕಟ್ಟಿದೆ, ಕೆಳಗಿಟ್ಟೆ, ಎರಡೂ ಅಂಗೈ ಊರಿ ಒತ್ತಿದೆ, ಆಮೇಲೆ ನನ್ನ ಎದೆಗೆ ಬೆರಳು ಮಾಡಿದೆ. ನಮ್ಮ ಹುಡುಗ ನಡುವಿನಿಂದ ಡಚ್ಚಿನಲ್ಲಿ ಕೂಗಿದ. ಅದರಲ್ಲಿ ನನಗೆ ತಿಳಿದದ್ದು ದೊಡ್ಡಮ್ಮ, ಹಪ್ಪಳ, ಎರಡೇ ಮಾತು.

ಮಕ್ಕಳು ನಕ್ಕರು. ಬ್ಯೂರ್‌ಫ್ರೌ ನಗಲಿಲ್ಲ, ಕೋಟಿನ ಗುಂಡಿ ಸರಿಮಾಡಿಕೊಂಡರು. ತಂಗಿ ನಗು ನಿಲ್ಲುವವರೆಗೆ ಕಾದು, ಪುಟ ತಿರುಗಿಸಿ, ಗಟ್ಟಿಯಾಗಿ ಮುಂದಿನ ಸಾಲು ಓದಿದಳು. ನಾನು ಕೂರಲಿಲ್ಲ. ಕಥೆ ಮುಗಿಯುವವರೆಗೂ ನಿಂತೇ ಕೇಳಿದೆ.